ಉರಿಯನ್ನು ಆರಿಸುವ ಗಾಳಿ

ಗಾಳಿಯಿಂದ ಬೆಂಕಿ ಬೆಳೆಯುವುದೆಂಬುದು ಒಲೆಯ ಮುಂದೆ ಊದುಕೊಳವೆ ಹಿಡಿದ ತಾಯಂದಿರೆಲ್ಲರೂ ಬಲ್ಲ ಸಂಗತಿ. ಅದೇ ಗಾಳಿಯಿಂದ ಬೆಂಕಿಯನ್ನು ಆರಿಸಲೂ ಬರುವುದೆಂದರೆ ಮೊದಲಿಗೆ ನಂಬಿಕೆಯಾಗದು. ಎಣ್ಣೆಯ ಬೆಂಕಿಗೆ ನೀರು ಸಲ್ಲದು. ನೀರು ಭಾರವಾದುದರಿಂದ ತಳಕ್ಕಿಳಿಯುತ್ತದೆ; ಉರಿಯುವ ಎಣ್ಣೆ ಅದರ ಮೇಲೆ ತೇಲುತ್ತ ಹರಡುತ್ತದೆ. ತೈಲಬಾವಿಗಳ ನಗರವಾದ ಬಾಕುವಿನಲ್ಲಿ ಉಪಾಧ್ಯಾಯನಾಗಿದ್ದ ಅಲೆಕ್ಸಾಂಡರ್ ಲೋರಾನ್ 20ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ನೊರೆಯ ಉಪಾಯವನ್ನು ಕಂಡುಹಿಡಿದನು. ಅವನ ನೊರೆಯಲ್ಲಿದ್ದುದು ರಾಸಾಯನಿಕ ಕ್ರಿಯೆಯಿಂದ ಹುಟ್ಟಿದ ಇಂಗಾಲದ ಡೈಆಕ್ಸೈಡ್. ಇಂದು ಬಹುಮಟ್ಟಿಗೆ ಬಳಸುವ ನೊರೆಯಲ್ಲಿರುವುದು ನಾವು ಉಸಿರಾಡುವ ಗಾಳಿಯೇ.

ಜಾತ್ರೆಗೆ ಮುನ್ನ ಅಗ್ನಿಶಾಮಕ ದಳದವರು ನಮ್ಮ ಮಠದ ಬಯಲಿನಲ್ಲಿ ಇದನ್ನು ಮಾಡಿ ತೋರಿಸಿದರು. ನೂರು ಪಾಲು ದ್ರಾವಣದಲ್ಲಿ ಸಾಮಾನ್ಯವಾಗಿ 3 ಅಥವಾ 6 ಪಾಲು ಮಾತ್ರ ನೊರೆಯ ದ್ರವ, ಉಳಿದುದು ನೀರು. ಅದು ಕೊಳವೆಯ ಕಿರಿದಾದ ಬಾಯಿಂದ ರಭಸವಾಗಿ ಹಾಯುವಾಗ ಅಲ್ಲಿ ಒತ್ತಡ ಕುಗ್ಗಿ, ಪಕ್ಕದ ರಂಧ್ರಗಳಿಂದ ಗಾಳಿ ತಾನಾಗಿ ಒಳನುಗ್ಗುತ್ತದೆ. ಎರಡೂ ಬೆರೆತು ದ್ರಾವಣ ಹಲವು ಪಟ್ಟು ಉಬ್ಬುತ್ತದೆ. ಎಣ್ಣೆಯ ಮೇಲೆ ಹರಡುವ ನೊರೆಗೆ 20 ಪಟ್ಟಿನೊಳಗಿನ ಉಬ್ಬು ಸಾಕು. ಕೋಣೆಯನ್ನೇ ತುಂಬುವ ನೊರೆ 200 ಪಟ್ಟನ್ನೂ ಮೀರುವುದುಂಟು. ಎಣ್ಣೆಗಿಂತ ಹಗುರವಾದ ಈ ನೊರೆ ಕಂಬಳಿಯಂತೆ ಹೊದ್ದು, ಆವಿಯನ್ನು ತಡೆದು, ಉರಿಗೆ ಆಮ್ಲಜನಕ ಸಿಗದಂತೆ ಮಾಡಿ, ಜಿನುಗುವ ನೀರಿನಿಂದ ತಂಪೆರೆಯುತ್ತದೆ. ಸ್ವೇಚ್ಛೆಯಾಗಿ ಬೀಸುವಾಗ ಉರಿಯನ್ನು ಸಾಕುವ ಗಾಳಿ, ತೆಳುವಾದ ನೀರಪೊರೆಯ ಸಂಯಮಕ್ಕೆ ಒಳಪಟ್ಟಾಗ ಉರಿಗೆ ಮುಚ್ಚಳವಾಗುತ್ತದೆ.

ದಳದ ಹಿರಿಯರು ಹೇಳಿದ ಎರಡು ಮಾತು ನಮ್ಮ ಮನಸ್ಸಿನಲ್ಲಿ ನಿಂತಿವೆ. ನೊರೆಯನ್ನು ನೇರವಾಗಿ ಉರಿಗೆ ಹೊಡೆಯಬಾರದು, ಎಣ್ಣೆ ಸಿಡಿಯುತ್ತದೆ. ಹಿಂದಿನ ಗೋಡೆಗೆ ತಾಗಿಸಿ ಮೆಲ್ಲನೆ ಇಳಿಯಬಿಡಬೇಕು. ಹೊದಿಕೆ ಕೂಡಿದ ಮೇಲೆ ಅದರ ಮೇಲೆ ನೀರು ಚಿಮ್ಮಬಾರದು. ಹರಿದೆಡೆಯಲ್ಲಿ ಕಾದ ಕಬ್ಬಿಣ ಮತ್ತೆ ಉರಿ ಹತ್ತಿಸುತ್ತದೆ.

ಬದುವಿನ ವ್ಯಾಜ್ಯದಿಂದ ಮಾತುಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಮಠಕ್ಕೆ ಬಂದಾಗ ನಾವು ಬದುವಿನ ಮಾತೆತ್ತಲಿಲ್ಲ. ವೃದ್ಧ ತಾಯಿಯ ಯೋಗಕ್ಷೇಮ ಕೇಳಿದೆವು. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಪ್ರಸಾದಕ್ಕೆ ಕೂಡಿಸಿದೆವು. ಮೂರನೆಯ ಸಲ ಬಂದಾಗ ಹಿರಿಯವನೇ ಭೂಮಿಯ ಅಳತೆಗೆ ಒಪ್ಪಿದನು. ಹಳೆಯ ಬೈಗುಳವನ್ನು ಯಾರೂ ನೆನಪಿಸಕೂಡದೆಂದು ಬಂಧುಗಳಿಗೆ ಅಪ್ಪಣೆ ಕೊಡಿಸಿದೆವು.

ಇನ್ನೊಂದು ಎಚ್ಚರವೂ ಉಂಟು. 1960ರ ದಶಕದಲ್ಲಿ ಬಂದ ಫ್ಲೋರಿನ್‌ಯುಕ್ತ ನೊರೆಗಳು ಬೆಂಕಿಯನ್ನು ಬಹುಬೇಗ ಆರಿಸಿದುವು. ಆದರೆ ಅವುಗಳ ದ್ರವ್ಯ ಮಣ್ಣುನೀರುಗಳಲ್ಲಿ ಅಳಿಯದೆ ಉಳಿಯುವುದೆಂದು ತಿಳಿದು, ಹಲವು ದೇಶಗಳು ಅವನ್ನು ಕೈಬಿಡುತ್ತಿವೆ. ಬೆದರಿಕೆಯಿಂದಲೋ ಸುಳ್ಳಿನಿಂದಲೋ ಜಗಳವನ್ನು ಬೇಗ ಮುಗಿಸಬಹುದು. ಅದರ ವಿಷ ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆರಿಸುವವರು ಉರಿಯನ್ನಷ್ಟೇ ಅಲ್ಲ, ನೆಲವನ್ನೂ ನೋಡಬೇಕು.