ಗುಳಿಗೆಯೂ ವಿಶ್ರಾಂತಿಯೂ

ಹರ್ಷದ ಸಂಚಿಕೆಯಲ್ಲಿ ರೋಗದ ಪ್ರಸ್ತಾಪವೇತಕ್ಕೆ ಎಂದು ಕೆಲವು ಸಹೋದರಿಯರು ಕೇಳಬಹುದು. ನಮ್ಮ ಕಾಲದ ವಿದ್ಯಾರ್ಥಿನಿಯರು ಒಂದೆಡೆ ಸೇರಿದರೆ ಮೊದಲು ಮಕ್ಕಳ ಮಾತು, ಬಳಿಕ ಮೊಮ್ಮಕ್ಕಳ ಮಾತು, ಅದರ ಬಳಿಕ ತಪ್ಪದೆ ರಕ್ತದ ಒತ್ತಡದ ಮಾತು ಬರುವದು. ಆದುದರಿಂದ, ಎಂಟು ವರುಷಗಳಿಂದ ಈ ರೋಗದೊಡನೆ ಬಾಳುತ್ತಿರುವ ನಾನು ಅದರ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುತ್ತೇನೆ.

ಹೆಚ್ಚಿನವರಲ್ಲಿ ಈ ರೋಗಕ್ಕೆ ಯಾವ ಸೂಚನೆಯೂ ಇರುವದಿಲ್ಲ. ತೋಳಿಗೆ ಪಟ್ಟಿಯನ್ನು ಸುತ್ತಿ ಅಳೆದರೆ ಮಾತ್ರ ತಿಳಿಯುವದು. ಬೇರೆ ಬೇರೆ ದಿನಗಳಲ್ಲಿ ಅಳೆದಾಗ 140/90 ಅಥವಾ ಅದಕ್ಕೂ ಹೆಚ್ಚು ಕಂಡರೆ ಒತ್ತಡವು ಮಿತಿಮೀರಿತೆಂದು ವೈದ್ಯರು ಸಾಮಾನ್ಯವಾಗಿ ಎಣಿಸುತ್ತಾರೆ. ಅಲಕ್ಷ್ಯ ಮಾಡಿದರೆ ಅದು ಮೆದುಳು, ಹೃದಯ, ಮೂತ್ರಪಿಂಡಗಳನ್ನು ಮೆಲ್ಲಮೆಲ್ಲನೆ ಕೆಡಿಸುವದು.

ನನ್ನ ವೈದ್ಯರು ದಿನಕ್ಕೊಂದು ಗುಳಿಗೆಯನ್ನು ವಿಧಿಸಿ, ಉಪ್ಪಿನಕಾಯಿ ಹಪ್ಪಳಗಳನ್ನು ಬಿಡಿಸಿ, ಅದರೊಡನೆ ದೇಹವನ್ನು ಸಡಿಲಿಸುವ ಅಭ್ಯಾಸವೊಂದನ್ನೂ ಕಲಿಸಿದರು. ಅಮೆರಿಕದ ವೈದ್ಯರಾದ ಎಡ್ಮಂಡ್ ಜೇಕಬ್‌ಸನ್ನರು 1929ರಲ್ಲಿ ಪ್ರಕಟಿಸಿದ ಗ್ರಂಥದಿಂದ ಹೊರಟ ಕ್ರಮವಿದು. ಈಗ ಅದನ್ನು ಸಂಕ್ಷೇಪಿಸಿ ಕಲಿಸುತ್ತಾರೆ. ಚಾಪೆಯ ಮೇಲೆ ಮಲಗಿ, ಬಲಗೈಯ ಮುಷ್ಟಿಯನ್ನು ಐದು ಎಣಿಸುವಷ್ಟು ಹೊತ್ತು ಬಿಗಿಹಿಡಿದು, ಇಪ್ಪತ್ತು ಎಣಿಸುವಷ್ಟು ಹೊತ್ತು ಸಡಿಲವಾಗಿ ಬಿಡಬೇಕು. ಬಳಿಕ ಎಡಗೈ, ಹಣೆ, ದವಡೆ, ಹೆಗಲು, ಹೊಟ್ಟೆ, ಕಾಲುಗಳು. ಹೀಗೆ ಒಂದೊಂದನ್ನೇ ಬಿಗಿದು ಬಿಡುವದು. ಉಸಿರನ್ನು ಎಂದಿಗೂ ಕಟ್ಟಬಾರದು. ಉಸಿರು ಕಟ್ಟಿ ಬಿಗಿದರೆ ಒತ್ತಡವು ಏರುವದು. ಶಾಲೆಯ ಡ್ರಿಲ್ ತರಗತಿಯಲ್ಲಿ ನೆಟ್ಟಗೆ ನಿಲ್ಲಲು ಕಲಿತ ನಾನು ಸಡಿಲವಾಗಿ ಮಲಗಲು ಅರುವತ್ತನೆಯ ವಯಸ್ಸಿನಲ್ಲಿ ಕಲಿತೆನು. ದವಡೆಯನ್ನು ದಿನವಿಡೀ ಬಿಗಿದುಕೊಂಡೇ ಇರುತ್ತಿದ್ದೆನೆಂಬುದು ಅದನ್ನು ಬಿಟ್ಟಾಗಲೇ ತಿಳಿಯಿತು. ಈಗ ನಿದ್ರೆ ಚೆನ್ನಾಗಿ ಬರುತ್ತದೆ.

ಆದರೆ ಈ ಸುಖದಲ್ಲಿಯೇ ಒಂದು ಅಪಾಯವುಂಟು. ನನ್ನ ಸಹಪಾಠಿಯೊಬ್ಬಳು ಇದೇ ಅಭ್ಯಾಸವನ್ನು ನನಗಿಂತಲೂ ನಿಷ್ಠೆಯಿಂದ ಮಾಡಿದಳು. ಮನಸ್ಸು ಶಾಂತವಾಯಿತು, ಅಂಕವೂ ಇಳಿಯಿತು. ಇನ್ನು ಗುಳಿಗೆ ಬೇಡವೆಂದು ಯಾರನ್ನೂ ಕೇಳದೆ ಬಿಟ್ಟಳು. ಅಂಕವನ್ನು ತಗ್ಗಿಸಿ ಹಿಡಿದಿದ್ದುದರಲ್ಲಿ ಆ ಗುಳಿಗೆಗೂ ಪಾಲಿತ್ತೆಂದು ಅವಳಿಗೆ ತೋರಲಿಲ್ಲ. ಮೂರು ತಿಂಗಳೊಳಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಅಂದವಾಗಿ ಬರೆಯುತ್ತಿದ್ದವಳು ಈಗ ಎಡಗೈಯಿಂದ ಅಕ್ಷರ ತಿದ್ದುತ್ತಿದ್ದಾಳೆ. ಆಕೆಯ ಅನುಮತಿಯಿಂದಲೇ ಇದನ್ನು ಬರೆದಿದ್ದೇನೆ.

ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟರಿಗೂ ಇದೇ ರೋಗವಿತ್ತು. ವೈದ್ಯರು ವಿಶ್ರಾಂತಿಯನ್ನೂ ಉಪ್ಪು ಕಡಮೆಯಾದ ಆಹಾರವನ್ನೂ ವಿಧಿಸಿದರು. ಒತ್ತಡವನ್ನು ಇಳಿಸತಕ್ಕ ಒಳ್ಳೆಯ ಔಷಧವು ಆಗ ಇರಲಿಲ್ಲ. 1945ರಲ್ಲಿ ಮೆದುಳಿನ ರಕ್ತಸ್ರಾವದಿಂದ ಅವರು ತೀರಿಹೋದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ನಮ್ಮ ದೇಶದ ಸರ್ಪಗಂಧಿಯ ಬೇರಿನ ಗುಣವನ್ನು ಇಂಗ್ಲಿಷ್ ವೈದ್ಯಪತ್ರಿಕೆಯಲ್ಲಿ ಲೋಕಕ್ಕೆ ತಿಳಿಸಿದರು. ಅದಕ್ಕಿಂತ ಉತ್ತಮವಾದ ಔಷಧಗಳು ಬಳಿಕ ಬಂದವು. ಅಂದು ಅಧ್ಯಕ್ಷರಿಗೂ ದೊರೆಯದಿದ್ದುದು ಇಂದು ನಮ್ಮ ಊರಿನ ಔಷಧದಂಗಡಿಯಲ್ಲಿ ದೊರೆಯುತ್ತದೆ.

ದಣಿದು ಸಾವನ್ನು ಬೇಡಿಕೊಂಡ ಎಲೀಯನನ್ನು ನೆನಸಿರಿ. ಗಿಡದ ಕೆಳಗೆ ಅವನಿಗೆ ನಿದ್ರೆಯು ಲಭಿಸಿತು. ದೂತನು ಅವನನ್ನು ಎಬ್ಬಿಸಿ ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಒಂದರ ಬದಲಾಗಿ ಇನ್ನೊಂದಲ್ಲ, ಎರಡೂ ಅವನಿಗೆ ಬೇಕಾಗಿದ್ದವು. ಸಡಿಲಿಸುವ ಅಭ್ಯಾಸದಿಂದ ಕೆಲವರಲ್ಲಿ ಒತ್ತಡವು ಸ್ವಲ್ಪ ಇಳಿಯುವದುಂಟು. ಔಷಧಕ್ಕಿರುವಷ್ಟು ಬಲವಾದ ಪ್ರಮಾಣ ಅದಕ್ಕಿಲ್ಲ. ಗುಳಿಗೆಯನ್ನು ಕಡಮೆಮಾಡುವದಾಗಲಿ ಬಿಡುವದಾಗಲಿ ವೈದ್ಯರ ಮಾತಿನಿಂದಲೇ ಆಗತಕ್ಕದ್ದು.

ಪ್ರಿಯ ಸಹೋದರಿಯರೇ, ಮನೆಯವರೆಲ್ಲರ ಔಷಧದ ವೇಳೆಯನ್ನು ನೆನಪಿಡುವವರು ನೀವು; ನಿಮ್ಮ ತೋಳಿನ ಅಂಕವು ಎಷ್ಟೆಂದು ನಿಮಗೆ ಗೊತ್ತೋ? ಗೊತ್ತಿಲ್ಲದಿದ್ದರೆ ಈ ವಾರವೇ ಅಳತೆ ಮಾಡಿಸಿಕೊಳ್ಳಿರೆಂದು ಬೇಡುತ್ತೇನೆ.