ದೊಡ್ಡಮ್ಮನ ಕೀಲಿಮಣೆ

ಕಂಪ್ಯೂಟರನ್ನು ಉಡುಗೊರೆ ಕೊಡುವುದು ಸೀರೆ ಕೊಟ್ಟಷ್ಟು ಸುಲಭವಲ್ಲ. ಸೀರೆ ಯಾರ ಮೈಗಾದರೂ ಹೊಂದಿಕೊಳ್ಳುತ್ತದೆ. ಅಂಗಡಿಯಿಂದ ಬಂದ ಕಂಪ್ಯೂಟರ್ ಮಾತ್ರ, ಎದುರು ಕೂತವರೇ ತನಗೆ ಹೊಂದಿಕೊಳ್ಳಲಿ ಎಂದು ಕಾಯುತ್ತಿರುತ್ತದೆ. ಅವರಿಗೆ ಇಂಗ್ಲಿಷ್ ಬರುತ್ತದೆ, ಕಣ್ಣು ಚುರುಕಾಗಿದೆ, ಬೆರಳು ಹೇಳಿದ ಮಾತು ಕೇಳುತ್ತದೆ ಎಂದೆಲ್ಲ ಅದು ಮೊದಲೇ ನಂಬಿಕೊಂಡಿರುತ್ತದೆ. ಆ ನಂಬಿಕೆಗಳನ್ನು ಒಂದೊಂದಾಗಿ ಬಿಡಿಸುವುದೇ ಉಡುಗೊರೆಯ ಮುಖ್ಯ ಭಾಗ ಎಂಬುದು ನನಗೆ ತಿಳಿದದ್ದು ದೊಡ್ಡಮ್ಮನಿಗೆ ಒಂದನ್ನು ಕೊಂಡುಕೊಟ್ಟಾಗ.

ದೊಡ್ಡಮ್ಮ ತೀರ್ಥಹಳ್ಳಿ ಹತ್ತಿರದ ಹಳ್ಳಿ ಶಾಲೆಯಲ್ಲಿ 34 ವರ್ಷ ಪಾಠ ಮಾಡಿದವಳು. ಮದುವೆಯ ಕರೆಯೋಲೆ ಮೇಲಿನ ವಿಳಾಸದಿಂದ ಹಿಡಿದು ಗಣಪತಿ ಉತ್ಸವದ ಬೋರ್ಡಿನವರೆಗೆ ಊರಿಗೆಲ್ಲ ಅವಳದೇ ಅಕ್ಷರ. ಅಮ್ಮನಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ಮನೆಗೆ ಫೋನ್ ಬಂದ ಮೇಲೂ ಅದು ನಿಂತಿರಲಿಲ್ಲ. 70 ದಾಟಿದ ಮೇಲೆ ಬಲಗೈ ನಡುಗತೊಡಗಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಸಾಲು ಮುಂದೆ ಹೋದಂತೆ ಅಕ್ಷರ ಕುಗ್ಗುತ್ತ ಹೋಗುವುದೂ ಆ ಕಾಯಿಲೆಯ ಲಕ್ಷಣವಂತೆ. ಅವಳ ಕೊನೆಯ ಕಾಗದಗಳಲ್ಲಿ ಸಾಲಿನ ಮೊದಲ ಪದ ಮೊದಲಿನಂತೆಯೇ ದುಂಡಗಿದ್ದರೆ, ಕೊನೆಯ ಪದ ಇರುವೆ ಸಾಲಿನ ಹಾಗೆ ಇರುತ್ತಿತ್ತು.

ಒಂದು ದಿನ ಸಹಿ ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ಚೆಕ್ ವಾಪಸಾಯಿತು. ಬೇಕಾದರೆ ಹೆಬ್ಬೆಟ್ಟು ಒತ್ತಬಹುದು ಎಂದು ಅಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಹೇಳಿದರು. ಊರಿನ ಎರಡು ತಲೆಮಾರಿನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ಹೆಬ್ಬೆಟ್ಟು ಒತ್ತಬೇಕಾಯಿತು. ಅವತ್ತಿನಿಂದ ಅವಳು ಪೆನ್ನು ಮುಟ್ಟಲಿಲ್ಲ. ಅಮ್ಮನಿಗೆ ಕಾಗದ ಬರುವುದೂ ನಿಂತಿತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರು ಅಂಗಡಿ ಸುತ್ತಿದೆ. ಎಲ್ಲರೂ ಲ್ಯಾಪ್‌ಟಾಪ್ ತೋರಿಸುವವರೇ. ಅದರ ಕೀಲಿಗಳು ಚಪ್ಪಟೆ, ಬೆರಳು ಸೋಕಿದರೆ ಸಾಕು ಒತ್ತಿಕೊಳ್ಳುತ್ತವೆ. ಟಚ್‌ಪ್ಯಾಡಂತೂ ನಡುಗುವ ಕೈಗೆ ಆಗಿಬರುವುದಿಲ್ಲ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿಯ ಡೆಸ್ಕ್‌ಟಾಪ್, 22 ಇಂಚಿನ ಮಾನಿಟರ್, ಮಲೆನಾಡಿನ ಕರೆಂಟಿಗೆ ತಕ್ಕ ಹಾಗೆ ಒಂದು ಯುಪಿಎಸ್ ಕೇಳಿದೆ. ಕೀಬೋರ್ಡುಗಳನ್ನು ಸಾಲಾಗಿ ಇಡಿಸಿಕೊಂಡು ಬೇಕೆಂದೇ ಕೈ ನಡುಗಿಸುತ್ತ ಒತ್ತಿ ನೋಡುತ್ತಿದ್ದಾಗ ಅಂಗಡಿಯ ಹುಡುಗ ನಗುತ್ತಿದ್ದ. ಯಾರಿಗೆಂದು ಹೇಳಿದ ಮೇಲೆ ಒಳಗೆ ಹೋಗಿ, ಧೂಳು ಹಿಡಿದ ಡಬ್ಬಿಯೊಂದರಿಂದ ಗಟ್ಟಿ ಕೀಲಿಗಳ ದೊಡ್ಡ ಕೀಬೋರ್ಡ್ ತಂದುಕೊಟ್ಟ. ಕನ್ನಡ ಅಕ್ಷರದ ಸ್ಟಿಕ್ಕರುಗಳಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

“ಎಂತಕ್ಕೋ ಇಷ್ಟೆಲ್ಲ ಖರ್ಚು? ನಾ ಇನ್ನು ಬರೆಯೂದು ಎಂತ ಉಂಟು?” ಎಂದಳು ದೊಡ್ಡಮ್ಮ. ನಾನು ಉತ್ತರ ಕೊಡದೆ ಜಗಲಿಯ ಮೂಲೆಯಲ್ಲಿ ಮೇಜು ಹಾಕಿದೆ. ಮಳೆ ಹಿಡಿದು ಕೂತ ಮೂರು ದಿನ ಅದೇ ಕೆಲಸ. ಪರದೆಯ ಅಕ್ಷರ ದೊಡ್ಡದು ಮಾಡಿದೆ, ಬಾಣದ ಓಟ ತಗ್ಗಿಸಿದೆ, ಎರಡು ಸಲ ಕ್ಲಿಕ್ ಮಾಡುವ ಬದಲು ಒಂದೇ ಕ್ಲಿಕ್ಕಿಗೆ ಫೈಲ್ ತೆರೆಯುವಂತೆ ಮಾಡಿದೆ. ಬರೆದದ್ದು ಯಾರ ಫೋನಿನಲ್ಲಾದರೂ ಕಾಣಲೆಂದು ಯೂನಿಕೋಡ್ ಅಕ್ಷರಗಳನ್ನೇ ಇಟ್ಟೆ.

ಕೀಲಿಮಣೆಗೆ ಕೆ.ಪಿ. ರಾಯರ ವಿನ್ಯಾಸ ಹಾಕಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದು ಅದೇ. ಇಡೀ ಕನ್ನಡ ವರ್ಣಮಾಲೆ ಅದರಲ್ಲಿ 26 ಕೀಲಿಗಳೊಳಗೆ ಕೂರುತ್ತದೆ. ‘ಕ’ ಒತ್ತಿ ‘ಇ’ ಒತ್ತಿದರೆ ‘ಕಿ’. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಜೊತೆಗೆ ಶಿಫ್ಟ್. ನಾನು ವಿವರಿಸುತ್ತಿದ್ದ ಹಾಗೆ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು. “ಇದು ಕಾಗುಣಿತವೇ ಅಲ್ವನೋ! ಒಂದನೇ ಕ್ಲಾಸಿನ ಪಾಠ” ಎಂದಳು. ಮುಂದೆ ನಾನು ಕಲಿಸುವುದು ಹೆಚ್ಚೇನೂ ಉಳಿದಿರಲಿಲ್ಲ.

ಉಳಿದದ್ದು ಕೈಯ ತೊಂದರೆ. ಬೆರಳು ಒಂದೇ ಕೀಲಿಯ ಮೇಲೆ ಎರಡು ಮೂರು ಸಲ ಬಡಿದು ‘ಮರ’ ಹೋಗಿ ‘ಮಮಮರರ’ ಆಗುತ್ತಿತ್ತು. ವಿಂಡೋಸ್‌ನಲ್ಲಿ ಇದಕ್ಕೆಂದೇ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯವಿದೆ. ಅದನ್ನು ಹಾಕಿ ಅರ್ಧ ಸೆಕೆಂಡ್ ಇಟ್ಟರೆ, ಅಷ್ಟರೊಳಗೆ ಅದೇ ಕೀಲಿ ಮತ್ತೆ ಬಡಿದರೂ ಕಂಪ್ಯೂಟರ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ‘ಸ್ಟಿಕಿ ಕೀಸ್’: ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ನಿಧಾನವಾಗಿ ಅಕ್ಷರದ ಕೀಲಿ ಒತ್ತಬಹುದು. ಮಹಾಪ್ರಾಣವೂ ಒಂದೇ ಬೆರಳಿನ ಅಳವಿಗೆ ಬಂತು. ‘ಅಮ್ಮ’ ‘ಅಕ್ಕ’ ಸಲೀಸು, ಎರಡು ಅಕ್ಷರಗಳ ನಡುವೆ ‘ಎಫ್’ ಬರುತ್ತದೆ. ‘ಗಗನ’, ‘ಮಮತೆ’ಯಂಥ ಪದಗಳಿಗೆ ಮಾತ್ರ ಮೊದಲ ಅಕ್ಷರದ ಮೇಲೆ ತುಸು ತಡೆಯಬೇಕು. ಅದನ್ನು ಅವಳೇ ಕಂಡುಕೊಂಡಳು.

ಮಾತಾಡಿದರೆ ತಾನೇ ಬರೆದುಕೊಳ್ಳುವ ವ್ಯವಸ್ಥೆಯೂ ಇದೆ, ಅದನ್ನು ಹಾಕಿಕೊಡಲೇ ಎಂದು ಕೇಳಿದೆ. ಬೇಡವೆಂದಳು. “ಮಾತಾಡೂಕೆ ಫೋನ್ ಉಂಟಲ್ಲ. ಬರೆಯೂದು ಬೇರೆ. ಬರೆಯುವಾಗ ಒಂದು ಪದ ಇಟ್ಟು, ಸರಿಯುಂಟಾ ಅಂತ ನೋಡಿ, ಮುಂದಿನದು ಇಡ್ಬೇಕು.” ಅಷ್ಟು ದಿನ ನಾನು ಅವಳ ಕೈಯ ಬಗ್ಗೆಯಷ್ಟೇ ಯೋಚಿಸಿದ್ದೆ. ಅವಳು ಕಳೆದುಕೊಂಡಿದ್ದು ಈ ನಿಧಾನವನ್ನು, ಪದ ಆರಿಸುವ ಆ ಹೊತ್ತನ್ನು ಕೂಡ ಎಂಬುದು ಆಗ ಹೊಳೆಯಿತು.

ನಾಲ್ಕನೇ ದಿನ ಮಧ್ಯಾಹ್ನವೆಲ್ಲ ಕೂತು ಅಮ್ಮನಿಗೆ ಹನ್ನೊಂದು ಸಾಲಿನ ಕಾಗದ ಬರೆದಳು. ಬಿಸಿಲಿಲ್ಲದೆ ಹಲಸಿನ ಹಪ್ಪಳ ಒಣಗದ್ದು, ಕೊಟ್ಟಿಗೆಯ ಹೆಂಚು ಜಾರಿದ್ದು, ಮಂಡಿನೋವಿಗೆ ಅಮ್ಮ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಳೋ ಇಲ್ಲವೋ ಎಂಬುದು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಅವಳು ಕೆಳಗೆ ಜಾಗ ಬಿಟ್ಟಿದ್ದಳು. ಟ್ರಂಕಿನಿಂದ ಪೆನ್ನು ತೆಗೆಸಿಕೊಂಡು ‘ಅಕ್ಕ’ ಎಂದಷ್ಟೇ ಬರೆದಳು. ಎರಡು ಅಕ್ಷರಕ್ಕೆ ಎಷ್ಟೋ ಹೊತ್ತು ಹಿಡಿಯಿತು, ಗೆರೆಯೆಲ್ಲ ಅಲೆಯಲೆಯಾಗಿತ್ತು. ಹೊಂದದ ಸಹಿಯೆಂದು ಆ ಕಾಗದವನ್ನು ಯಾರೂ ವಾಪಸು ಕಳಿಸುವಂತಿರಲಿಲ್ಲ.

ಅಮ್ಮ ಅದನ್ನು ಎರಡು ಸಲ ಓದಿದಳು. ಅಚ್ಚಿನ ಅಕ್ಷರ ನೋಡಿ ಅವಳಿಗೆ ಬೇಸರವಾಗಬಹುದು ಎಂದು ನಾನು ಅಂದುಕೊಂಡಿದ್ದೆ. ಅವಳು ಕನ್ನಡಕ ತೆಗೆದಿಟ್ಟು, “ಒಂದು ಒತ್ತಕ್ಷರವೂ ತಪ್ಪಿಲ್ಲ ನೋಡು” ಎಂದು, ಉತ್ತರ ಬರೆಯಲು ಹಾಳೆ ಹುಡುಕತೊಡಗಿದಳು.