ಚಂಚಲ ನೇತ್ರ, ಸ್ಥಿರ ದೃಷ್ಟಿ

ಬಸದಿಯ ಗರ್ಭಗೃಹದಲ್ಲಿ ನೆಲೆಸಿದ ಜಿನಬಿಂಬದ ಕಣ್ಣುಗಳು ಅಲುಗುವುದಿಲ್ಲ. ನಾಸಾಗ್ರದಲ್ಲಿ ನೆಟ್ಟ ಆ ದೃಷ್ಟಿಯನ್ನು ಬಾಲ್ಯದಿಂದ ನೋಡುತ್ತ ಬೆಳೆದವರಿಗೆ ಸ್ಥಿರತೆಯೇ ಗುಣ, ಚಂಚಲತೆಯೇ ದೋಷ ಎಂಬ ಭಾವನೆ ಸಹಜವಾಗಿ ಮೂಡುತ್ತದೆ. ಆದರೆ ಶಿಲೆಯ ಕಣ್ಣಿಗೆ ಸಲ್ಲುವ ಮಾತನ್ನು ಜೀವಂತ ಕಣ್ಣಿಗೂ ಹೊರಿಸಿದಾಗ ಎಂತಹ ಅನ್ಯಾಯವಾಗಬಲ್ಲುದು ಎಂಬುದನ್ನು ರಬಕವಿ-ಬನಹಟ್ಟಿ ಕಡೆಯ ಒಬ್ಬ ಹಿರಿಯ ಶ್ರಾವಕರು ತಮ್ಮ ಎಪ್ಪತ್ತರ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಅವರು ನಿವೃತ್ತ ಶಿಕ್ಷಕರು. ಜಮಖಂಡಿ ಸೀಮೆಯ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವರು. ನಿವೃತ್ತಿಯ ನಂತರ ಊರ ಬಸದಿಯ ಟ್ರಸ್ಟಿನ ಲೆಕ್ಕಪತ್ರ ನೋಡಿಕೊಳ್ಳುತ್ತ, ಭಾನುವಾರದ ಪಾಠಶಾಲೆ ನಡೆಸುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ, ನೇಕಾರರ ಮನೆಯವನು. ಅವನು ಯಾವುದನ್ನೂ ನೇರವಾಗಿ ನೋಡುತ್ತಿರಲಿಲ್ಲ. ಮುಖವನ್ನು ಬಲಕ್ಕೆ ತಿರುಗಿಸಿ ಎಡಗಡೆಯ ಕಣ್ಣಂಚಿನಿಂದ ನೋಡುತ್ತಿದ್ದ. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದ. ಅವನ ಕಣ್ಣುಗುಡ್ಡೆಗಳು ಮಗ್ಗದ ಲಾಳಿಯಂತೆ ಎಡಕ್ಕೂ ಬಲಕ್ಕೂ ಸದಾ ಓಡಾಡುತ್ತಿದ್ದವು.

"ತಮ್ಮಾ, ದೇವರ ಮುಂದ ನೆಟ್ಟಗ ನಿಂದ್ರಪಾ. ಓರೆಗಣ್ಣೀಲೆ ನೋಡಬಾರದು," ಎಂದು ಗುರುಗಳು ಪ್ರತಿ ಭಾನುವಾರ ಹೇಳುತ್ತಿದ್ದರು. ಹೇಳಿ ಸುಮ್ಮನಿರುತ್ತಿರಲಿಲ್ಲ, ಗದ್ದ ಹಿಡಿದು ಮುಖವನ್ನು ನೇರಕ್ಕೆ ತಿರುಗಿಸುತ್ತಿದ್ದರು. ಆ ಕೈಯಲ್ಲಿ ಕೋಪವಿರಲಿಲ್ಲ, ತಿದ್ದುವ ಕಾಳಜಿಯೇ ಇತ್ತು. ಆದರೆ ಗದ್ದ ನೇರವಾದೊಡನೆ ಹುಡುಗನ ಕಣ್ಣುಗಳು ಇನ್ನಷ್ಟು ವೇಗವಾಗಿ ಓಡುತ್ತಿದ್ದವು. ಉಳಿದ ಮಕ್ಕಳು ನಗುತ್ತಿದ್ದರು. ಗುರುಗಳು ಅದನ್ನು ಹಠವೆಂದು ತಿಳಿದರು. ಹುಡುಗ ಕ್ರಮೇಣ ಹಿಂದಿನ ಸಾಲಿಗೆ ಸರಿದ. ಆಮೇಲೆ ವಾರ ತಪ್ಪಿಸತೊಡಗಿದ.

ಆ ವರ್ಷ ಟ್ರಸ್ಟು ನೇತ್ರ ತಪಾಸಣಾ ಶಿಬಿರವೊಂದನ್ನು ಏರ್ಪಡಿಸಿತು. ಈ ಸೀಮೆಗೆ ಅಂತಹ ಶಿಬಿರ ಹೊಸದಲ್ಲ. ಊರೂರಿಗೆ ಹೋಗಿ ಸಾಮೂಹಿಕ ಶಸ್ತ್ರಚಿಕಿತ್ಸೆ ನಡೆಸಿದ ನೇತ್ರತಜ್ಞ ಡಾ. ಎಂ. ಸಿ. ಮೋದಿಯವರು ಹುಟ್ಟಿದ್ದು ಇಲ್ಲಿಯ ಬೀಳಗಿಯಲ್ಲಿಯೇ. 1943ರಿಂದ ಆರಂಭಿಸಿ ದಶಕಗಳ ಕಾಲ ಅವರು ಕುರುಡರ ಬಾಗಿಲಿಗೆ ತಾವೇ ನಡೆದುಹೋದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆಯನ್ನು ಗಿನ್ನೆಸ್ ಪುಸ್ತಕ ಗುರುತಿಸಿತು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2005ರಲ್ಲಿ ಅವರು ತೀರಿಕೊಂಡಾಗ ಈ ಭಾಗದ ಅನೇಕ ಮನೆಗಳಲ್ಲಿ, ತಮ್ಮ ಅಜ್ಜನಿಗೋ ಅಜ್ಜಿಗೋ ಬೆಳಕು ಮರಳಿ ಬಂದ ದಿನವನ್ನು ನೆನೆದವರಿದ್ದರು. ಬೆಳಕಿಗಾಗಿ ಕಾದವರ ಸಾಲು ಅಷ್ಟು ಉದ್ದವಿದ್ದ ಕಾಲದಲ್ಲಿ ವೇಗವೇ ಕರುಣೆಯಾಗಿತ್ತು. ಇಂದು ಶಿಬಿರದಲ್ಲಿ ನಡೆಯುವುದು ಬಹುಮಟ್ಟಿಗೆ ತಪಾಸಣೆ. ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ ನಡೆಯುತ್ತದೆ. ಆದ್ದರಿಂದ ಪ್ರತಿಯೊಂದು ಕಣ್ಣನ್ನೂ ನಿಧಾನವಾಗಿ ನೋಡುವ ಅವಕಾಶ ಇಂದಿನವರಿಗಿದೆ, ಹೊಣೆಯೂ ಇದೆ.

ಶಿಬಿರಕ್ಕೆ ಬೀಳಗಿಯಿಂದ ಪೊರೆ ಬಂದ ವೃದ್ಧರು ಬಂದಿದ್ದರು. ಮುಧೋಳದ ಕಡೆಯಿಂದ, ಕಬ್ಬಿನ ಗರಿ ಕಣ್ಣಿಗೆ ತಾಗಿ ಹುಣ್ಣು ಮಾಡಿಕೊಂಡಿದ್ದ ಕೂಲಿಯವರು ಬಂದಿದ್ದರು. ಬನಹಟ್ಟಿಯಿಂದ, ಎಳೆ ಕಾಣದೆ ತೊಳಲುತ್ತಿದ್ದ ನೇಕಾರರು ಬಂದಿದ್ದರು. ಗುರುಗಳು ಚೀಟಿ ಬರೆಯುವ ಸೇವೆಗೆಂದು ವೈದ್ಯರ ಮೇಜಿನ ಪಕ್ಕದಲ್ಲೇ ಕುಳಿತಿದ್ದರು. ಮೇಜಿನ ಮೇಲೆ ಸ್ಲಿಟ್ ಲ್ಯಾಂಪ್ ಎಂಬ ಯಂತ್ರವಿತ್ತು. ರೋಗಿ ಗದ್ದವನ್ನು ಒಂದು ಪುಟ್ಟ ಬಟ್ಟಲಿನಂತಹ ಆಸರೆಯ ಮೇಲಿಟ್ಟು ಹಣೆಯನ್ನು ಪಟ್ಟಿಗೆ ಆನಿಸುತ್ತಾನೆ. ಸೀಳಿನ ಮೂಲಕ ಬರುವ ತೆಳುವಾದ ಬೆಳಕಿನ ಹಾಳೆ ಕಣ್ಣಿನ ಮೇಲೆ ಬೀಳುತ್ತದೆ. ವೈದ್ಯರು ಎರಡೂ ಕಣ್ಣಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಾರ್ನಿಯಾ ಎಂಬ ಪಾರದರ್ಶಕ ಪೊರೆಯಲ್ಲಿ ಗಾಯ ಎಷ್ಟು ಆಳಕ್ಕೆ ಇಳಿದಿದೆ, ಮಸೂರದ ಯಾವ ಪದರದಲ್ಲಿ ಮಬ್ಬು ಕೂತಿದೆ ಎಂಬುದು ಹಣ್ಣನ್ನು ಹೋಳು ಮಾಡಿ ನೋಡಿದಂತೆ ಕಾಣುತ್ತದೆ.

ಇಷ್ಟು ಸರಳವಾಗಿ ಕಾಣುವ ಈ ವ್ಯವಸ್ಥೆ ಒಂದು ದಿನದಲ್ಲಿ ಬಂದುದಲ್ಲ. ಜೀವಂತ ಕಣ್ಣಿನ ಒಳಗನ್ನು ನೋಡಲು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಆಫ್ತಾಲ್ಮೋಸ್ಕೋಪ್ ಎಂಬ ಉಪಕರಣ ರಚಿಸಿದ. ಅಂದಿನಿಂದ ವೈದ್ಯರಿಗೆ ಎದುರಾದ ದೊಡ್ಡ ತೊಡಕು ಕತ್ತಲೆಯಷ್ಟೇ ಅಲ್ಲ, ಕಣ್ಣಿನ ಚಲನೆಯೂ ಹೌದು. 1886ರಲ್ಲಿ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬಿಬ್ಬರು ಜೀವಂತ ಮನುಷ್ಯನ ಅಕ್ಷಿಪಟಲದ ಛಾಯಾಚಿತ್ರ ತೆಗೆಯಲು ಕ್ಯಾಮೆರಾವನ್ನು ಅವನ ತಲೆಗೇ ಕಟ್ಟಿದರು. ಎರಡೂವರೆ ನಿಮಿಷ ಬೆಳಕಿಗೆ ಒಡ್ಡಬೇಕಾಯಿತು. ಎರಡೂವರೆ ನಿಮಿಷ ಅಲುಗದ ಕಣ್ಣು ಲೋಕದಲ್ಲಿ ಎಲ್ಲಿದೆ? ಮೂಡಿದ ಚಿತ್ರದಲ್ಲಿ ಹೆಚ್ಚೇನೂ ಕಾಣಲಿಲ್ಲ.

ಮುಂದಿನ ಬೆಳವಣಿಗೆಯ ದಾರಿ ಬೇರೆಯಾಯಿತು. ಕಣ್ಣನ್ನು ಕಟ್ಟಿಹಾಕುವುದನ್ನು ಬಿಟ್ಟು, ಅಲುಗುವ ಕಣ್ಣಿಗೆ ಯಂತ್ರವೇ ಹೊಂದಿಕೊಳ್ಳಲು ಕಲಿಯಿತು. ಸ್ವೀಡನ್ನಿನ ಗುಲ್‌ಸ್ಟ್ರಾಂಡ್ 1911ರಲ್ಲಿ ಸೀಳುಬೆಳಕಿನ ದೀಪವನ್ನು ತೋರಿಸಿದರು. ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಗೋಲ್ಡ್‌ಮನ್, ದೀಪವೂ ಸೂಕ್ಷ್ಮದರ್ಶಕವೂ ಕೈಯ ಒಂದೇ ಹಿಡಿಕೆಯಿಂದ ಕಣ್ಣನ್ನು ಹಿಂಬಾಲಿಸುವಂತೆ ಮಾಡಿದರು. ಫಂಡಸ್ ಕ್ಯಾಮೆರಾಕ್ಕೆ ಮಿಂಚುದೀಪ ಸೇರಿದ ಮೇಲೆ ನಿಮಿಷಗಳ ಕೆಲಸ ಕ್ಷಣದ ಅಂಶಕ್ಕೆ ಇಳಿಯಿತು; ಕಣ್ಣು ಅಲುಗುವ ಮೊದಲೇ ಚಿತ್ರ ಮುಗಿದಿರುತ್ತದೆ. ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದಲೇ ಸೀಳಿ ತೋರಿಸುವ ಇತ್ತೀಚಿನ ಯಂತ್ರಗಳಲ್ಲಿ ಕೆಲವು, ಕಣ್ಣು ಸರಿದತ್ತ ತಾವೂ ಸರಿದು ಬಿಟ್ಟ ಜಾಗದಿಂದಲೇ ಚಿತ್ರವನ್ನು ಮುಂದುವರಿಸುತ್ತವೆ.

ಇನ್ನೊಂದು ಉಪಕರಣದ ಮಾತು ವಿಶೇಷವಾದುದು. ಕೈಯಲ್ಲಿ ಹಿಡಿದು ರೋಗಿಯ ಮುಖಕ್ಕೆ ಮುಖ ತಾಗಿಸಿ ನೋಡುವ ಆಫ್ತಾಲ್ಮೋಸ್ಕೋಪ್ ಅಕ್ಷಿಪಟಲವನ್ನು ಸುಮಾರು 15 ಪಟ್ಟು ಹಿಗ್ಗಿಸುತ್ತದೆ. ಆದರೆ ಅದು ಚಲನೆಯನ್ನೂ ಅಷ್ಟೇ ಹಿಗ್ಗಿಸುತ್ತದೆ. ಓಡುವ ಕಣ್ಣಿನಲ್ಲಿ ನೋಡಬೇಕಾದುದು ಮತ್ತೆ ಮತ್ತೆ ಜಾರಿಹೋಗುತ್ತದೆ. 1940ರ ದಶಕದಲ್ಲಿ ಷೆಪೆನ್ಸ್ ಎಂಬ ವೈದ್ಯರು, ದೀಪವನ್ನು ತಲೆಗೆ ಕಟ್ಟಿಕೊಂಡು ತೋಳಿನಳತೆ ದೂರದಿಂದ, ಬೆರಳಲ್ಲಿ ಹಿಡಿದ ಮಸೂರದ ಮೂಲಕ ಎರಡೂ ಕಣ್ಣಿನಿಂದ ನೋಡುವ ಸಾಧನವನ್ನು ರೂಪಿಸಿದರು. ಅದರಲ್ಲಿ ಹಿಗ್ಗುವುದು ಸುಮಾರು ಮೂರು ಪಟ್ಟು ಮಾತ್ರ. ಕಾಣುವ ಹರವು ಮಾತ್ರ ಬಹಳ ವಿಶಾಲ. ಆದ್ದರಿಂದಲೇ ಅಳುವ ಮಗುವಿನ, ಅಲುಗುವ ಕಣ್ಣಿನ ಪರೀಕ್ಷೆಗೆ ಅದು ಒಗ್ಗುತ್ತದೆ. ಒಂದು ಹೆಜ್ಜೆ ಹಿಂದೆ ನಿಂತವರಿಗೆ ಚಂಚಲವಾದುದೂ ಒಟ್ಟಾಗಿ ಕಾಣುತ್ತದೆ. ಇದು ಕಣ್ಣಿಗೆ ಮಾತ್ರ ಸಂಬಂಧಿಸಿದ ಸತ್ಯವಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಹುಡುಗನನ್ನು ಅವನ ತಾಯಿ ಕರೆತಂದಳು. ಗುರುಗಳನ್ನು ಕಂಡೊಡನೆ ಹುಡುಗ ತಾನಾಗಿಯೇ ಮುಖವನ್ನು ನೇರ ಮಾಡಿಕೊಂಡ. ಕಣ್ಣುಗಳು ಓಡತೊಡಗಿದವು. ವೈದ್ಯೆ ಅದನ್ನು ಗಮನಿಸಿದರು. ಯಂತ್ರವನ್ನು ಪಕ್ಕಕ್ಕೆ ಸರಿಸಿ, "ನಿನಗ ಹೆಂಗ ಛಂದ ಕಾಣತೈತಿ ಹಂಗ ಕೂಡಪಾ. ನೆಟ್ಟಗ ಕೂಡೂದು ಬ್ಯಾಡ," ಎಂದರು. ಹುಡುಗ ಒಮ್ಮೆ ಗುರುಗಳತ್ತ ನೋಡಿ, ಅನುಮಾನಿಸುತ್ತಲೇ ಮುಖವನ್ನು ಬಲಕ್ಕೆ ತಿರುಗಿಸಿದ. ಕಣ್ಣಿನ ಓಟ ತಗ್ಗಿತು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಎರಡು ಸಾಲು ಹೆಚ್ಚು ಓದಿದ.

ಆಮೇಲೆ ವೈದ್ಯೆ ತಾಯಿಗೆ ವಿವರಿಸಿದ್ದನ್ನು ಗುರುಗಳು ಚೀಟಿ ಬರೆಯುವುದನ್ನು ನಿಲ್ಲಿಸಿ ಕೇಳಿದರು. ಇದಕ್ಕೆ ನಿಸ್ಟ್ಯಾಗ್ಮಸ್ ಎಂದು ಹೆಸರು. ಹುಟ್ಟಿದ ಕೆಲವು ತಿಂಗಳಲ್ಲೇ ಕಾಣಿಸಿಕೊಂಡದ್ದು. ಇಂತಹ ಅನೇಕ ಮಕ್ಕಳಿಗೆ ಯಾವುದೋ ಒಂದು ದಿಕ್ಕಿನಲ್ಲಿ ನೋಡಿದಾಗ ಕಣ್ಣಿನ ಅಲುಗಾಟ ಅತಿ ಕಡಿಮೆಯಾಗುತ್ತದೆ. ಮಗು ಅದನ್ನು ತಾನೇ ಕಂಡುಕೊಂಡು, ಕಣ್ಣು ಆ ಕಡೆಗೆ ನಿಲ್ಲುವಂತೆ ಮುಖ ತಿರುಗಿಸುತ್ತದೆ. ಪುಸ್ತಕವನ್ನು ಹತ್ತಿರ ಹಿಡಿದಾಗಲೂ ಅಲುಗಾಟ ಬಹಳ ಮಕ್ಕಳಲ್ಲಿ ತಗ್ಗುತ್ತದೆ. ಅದು ಕೆಟ್ಟ ಚಾಳಿಯಲ್ಲ, ಆ ಮಗುವಿನ ಚಿಕಿತ್ಸೆ. ಹೆದರಿದಾಗ, ಗದರಿದಾಗ, ಬಲವಂತವಾಗಿ ದಿಟ್ಟಿಸಲು ಹೇಳಿದಾಗ ಅಲುಗಾಟ ಹೆಚ್ಚುತ್ತದೆ. ಕಾರಣವನ್ನು ಹುಡುಕಬೇಕು, ಕನ್ನಡಕದ ಅಗತ್ಯವನ್ನು ಪರೀಕ್ಷಿಸಬೇಕು. ಕೆಲವರಿಗೆ, ತಲೆ ತುಂಬ ತಿರುಗಿಸಬೇಕಾಗದಂತೆ ಕಣ್ಣಿನ ಸ್ನಾಯುಗಳನ್ನು ಸರಿಹೊಂದಿಸುವ ಶಸ್ತ್ರಚಿಕಿತ್ಸೆಯೂ 1953ರಿಂದ ಬಳಕೆಯಲ್ಲಿದೆ. ಶಾಲೆಯಲ್ಲಿ ಅವನಿಗೆ ಅನುಕೂಲವಾದ ಬದಿಯಲ್ಲಿ, ಮುಂದಿನ ಸಾಲಿನಲ್ಲಿ ಕೂರಿಸಬೇಕು. "ಗದ್ದ ಹಿಡದು ಹೊಳ್ಳಸಬ್ಯಾಡ್ರಿ ಅಕ್ಕಾರ, ಅವನ ಕಣ್ಣು ಕಸಗೊಂಡಂಗ ಆಕ್ಕೈತಿ," ಎಂದರು ವೈದ್ಯೆ. ಗುರುಗಳು ಅಲ್ಲಿದ್ದಾರೆಂದು ಹೇಳಿದ ಮಾತಲ್ಲ ಅದು. ತಾಯಿಯೂ ತಲೆ ತಗ್ಗಿಸಿ ಸುಮ್ಮನಿದ್ದಳೇ ಹೊರತು ಗುರುಗಳತ್ತ ನೋಡಲಿಲ್ಲ.

ಅಂದು ರಾತ್ರಿ ಗುರುಗಳಿಗೆ ಬೇಗ ನಿದ್ರೆ ಬರಲಿಲ್ಲ. ಹಗಲೆಲ್ಲ ನೋಡಿದ ಯಂತ್ರದ ಆ ಗದ್ದದ ಆಸರೆ ಅವರ ಕಣ್ಣ ಮುಂದಿತ್ತು. ಅದೂ ಗದ್ದವನ್ನೇ ಹಿಡಿಯುತ್ತದೆ, ತಮ್ಮ ಕೈಯೂ ಗದ್ದವನ್ನೇ ಹಿಡಿದಿತ್ತು. ಆಸರೆಯಲ್ಲಿ ಗದ್ದ ಊರಬಹುದು, ಬೇಡವಾದರೆ ಎತ್ತಿಕೊಳ್ಳಬಹುದು. ತಮ್ಮ ಕೈಯಿಂದ ಗದ್ದ ಬಿಡಿಸಿಕೊಳ್ಳುವ ಸ್ವಾತಂತ್ರ್ಯ ಆ ಹುಡುಗನಿಗೆ ಇರಲಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಅವರು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರೋ! ಶಾಸ್ತ್ರದಾನ ಮಾಡುತ್ತಿದ್ದೇನೆಂದು ನಂಬಿದ್ದ ಅದೇ ಗಳಿಗೆಯಲ್ಲಿ ಒಂದು ಮಗುವಿನಿಂದ ಅಭಯವನ್ನು ಕಸಿದಿದ್ದರು. ಹಿಂಸೆಗೆ ಕೋಪವೇ ಬೇಕೆಂದಿಲ್ಲ. ತಿಳಿಯದೆ ತಿದ್ದುವ ಕೈಯೂ ಸಾಕು. ನೋಡಿ ನಡೆಯಬೇಕೆಂಬ ಈರ್ಯಾಸಮಿತಿ ನೆಲದ ಮೇಲಿನ ಇರುವೆಗೆ ಮಾತ್ರ ಅನ್ವಯಿಸುವುದಿಲ್ಲ ಎಂಬುದು ಅವರಿಗೆ ಅಂದು ಹೊಳೆಯಿತು.

ವಿಜ್ಞಾನ ಹೇಳುವ ಇನ್ನೊಂದು ಸಂಗತಿ ಇಲ್ಲಿ ನೆನೆಯತಕ್ಕದ್ದು. ಆರೋಗ್ಯವಂತರ ಕಣ್ಣು ಕೂಡ ಎಂದೂ ನಿಶ್ಚಲವಲ್ಲ. ಒಂದೇ ಬಿಂದುವನ್ನು ದಿಟ್ಟಿಸುತ್ತಿರುವಾಗಲೂ ಅದು ಸೂಕ್ಷ್ಮವಾಗಿ ನಡುಗುತ್ತದೆ, ಮೆಲ್ಲಗೆ ಸರಿಯುತ್ತದೆ, ಥಟ್ಟನೆ ಮರಳುತ್ತದೆ. 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳು, ಕಣ್ಣು ಸರಿದಂತೆ ನೋಟದ ವಸ್ತುವೂ ಸರಿಯುವ ಏರ್ಪಾಡು ಮಾಡಿ, ಬಿಂಬವನ್ನು ಅಕ್ಷಿಪಟಲದ ಒಂದೇ ಎಡೆಯಲ್ಲಿ ನಿಲ್ಲಿಸಿ ನೋಡಿದರು. ಕೆಲವೇ ಕ್ಷಣಗಳಲ್ಲಿ ಆ ಬಿಂಬ ಮಾಸಿ ಅಳಿದುಹೋಯಿತು. ಸಂಪೂರ್ಣವಾಗಿ ನಿಂತ ನೋಟ ಕುರುಡು. ಆ ಹುಡುಗನ ಕಣ್ಣಿನಲ್ಲಿ ಅಳತೆ ಮೀರಿದ್ದ ಚಲನೆ ಎಲ್ಲರ ಕಣ್ಣಿನಲ್ಲೂ ಅಳತೆಯೊಳಗೆ ಇದ್ದೇ ಇದೆ. ಅವನನ್ನು ನೋಡಿ ನಕ್ಕವರ ಕಣ್ಣಿನಲ್ಲೂ.

ಗುರುಗಳು ಕ್ಷಮಾವಣಿಯ ದಿನಕ್ಕಾಗಿ ಕಾಯಲಿಲ್ಲ. ಮರುದಿನವೇ ನೇಕಾರರ ಓಣಿಗೆ ಹೋದರು. ಮಗ್ಗದ ಸದ್ದಿನ ನಡುವೆ ಅವರ ಮಾತು ಕೇಳಿಸದೆ, ಹುಡುಗನ ತಂದೆ ಮಗ್ಗ ನಿಲ್ಲಿಸಿ ಎದ್ದು ಬಂದ. ಗುರುಗಳು ತಂದೆಗಲ್ಲ, ಹುಡುಗನಿಗೇ ಹೇಳಿದರು: "ತಪ್ಪು ನಂದ ಐತಿ ತಮ್ಮಾ. ನಂಗ ತಿಳಿಲಿಲ್ಲ." ಹುಡುಗ ಏನೂ ಹೇಳಲಿಲ್ಲ. ಎರಡು ವಾರ ಪಾಠಶಾಲೆಗೂ ಬರಲಿಲ್ಲ. ಕ್ಷಮೆ ಕೇಳಿದವನ ಅವಸರಕ್ಕೆ ತಕ್ಕಂತೆ ಕ್ಷಮೆ ದೊರೆಯುವುದಿಲ್ಲ ಎಂಬುದನ್ನೂ ಗುರುಗಳು ಕಲಿಯಬೇಕಾಯಿತು. ಮೂರನೆಯ ಭಾನುವಾರ ಬಂದ.

ಟ್ರಸ್ಟಿನ ಮುಂದಿನ ಸಭೆಯಲ್ಲಿ ಶಿಬಿರದ ಲೆಕ್ಕ ಒಪ್ಪಿಸುವಾಗ ಗುರುಗಳು ಈ ಪ್ರಸಂಗವನ್ನು ಮುಚ್ಚಿಡಲಿಲ್ಲ. ಶಿಬಿರ ನಡೆಸುವ ಸಂಸ್ಥೆಗಳು ಕಣ್ಣುಗಳ ಸಂಖ್ಯೆಯನ್ನಷ್ಟೇ ಎಣಿಸಬಾರದು ಎಂದರು. ಸರದಿಯಲ್ಲಿ ಕುಳಿತ ವೃದ್ಧೆಗೆ ಯಂತ್ರವೇನು, ಬೆಳಕು ಏಕೆ, ನೋವಾಗುವುದೇ ಇಲ್ಲವೇ ಎಂಬುದನ್ನು ಅವಳ ಮಾತಿನಲ್ಲಿ ಮೊದಲೇ ತಿಳಿಸುವ ಒಬ್ಬ ಸೇವಕನಿರಬೇಕು. ಇಂದು ಪೊರೆಯ ಶಸ್ತ್ರಚಿಕಿತ್ಸೆ ಅನೇಕ ಕಡೆ ಕಣ್ಣಿನ ಹಿಂಬದಿಯ ಚುಚ್ಚುಮದ್ದಿಲ್ಲದೆ, ಬರಿಯ ಹನಿಯ ಮದ್ದಿನಿಂದಲೇ ನಡೆಯುತ್ತದೆ. ಅಲ್ಲಿ ಕಣ್ಣನ್ನು ಹಿಡಿದು ನಿಲ್ಲಿಸುವುದು ರೋಗಿಯ ಧೈರ್ಯವೇ. ಮಕ್ಕಳ ಕಣ್ಣು ಸದಾ ಓಡುತ್ತಿದ್ದರೆ, ತಲೆ ಒಂದೇ ಕಡೆ ವಾಲುತ್ತಿದ್ದರೆ, ತಿದ್ದುವ ಮೊದಲು ನೇತ್ರವೈದ್ಯರಿಗೆ ತೋರಿಸಬೇಕು. ದೊಡ್ಡವರಲ್ಲಿ ಇಂತಹ ಓಟ ಹೊಸದಾಗಿ ಆರಂಭವಾದರೆ ಮಿದುಳಿನ ತೊಂದರೆಯೂ ಇರಬಹುದಾದ್ದರಿಂದ ಒಂದು ದಿನವೂ ತಡಮಾಡಬಾರದು. ಸಭೆ ಇದನ್ನೆಲ್ಲ ನಡಾವಳಿಯಲ್ಲಿ ಬರೆದುಕೊಂಡಿತು.

ಈಗ ಆ ಬಸದಿಯಲ್ಲಿ ಭಾನುವಾರದ ಬೆಳಿಗ್ಗೆ ಹುಡುಗ ಮುಂದಿನ ಸಾಲಿನ ಎಡತುದಿಯಲ್ಲಿ ನಿಲ್ಲುತ್ತಾನೆ. ಮುಖ ಬಲಕ್ಕೆ ತಿರುಗಿರುತ್ತದೆ. ಹೊಸಬರು ಯಾರಾದರೂ ಬಂದು ಅವನ ಗದ್ದದತ್ತ ಕೈ ಚಾಚಿದರೆ ಗುರುಗಳು ಆ ಕೈಯನ್ನು ಮೆಲ್ಲಗೆ ಹಿಡಿದುಕೊಳ್ಳುತ್ತಾರೆ. "ಇರಲಿ ಬಿಡ್ರಿ," ಎನ್ನುತ್ತಾರೆ, "ಅಂವಗ ಅಲ್ಲಿಂದ ಸ್ವಾಮಿ ಕಣ್ಣು ಸರಿಯಾಗಿ ಕಾಣತಾವ."